ಮಂಡೆಬಿಸಿಗೆ ಯಾವ ಮಾತಿನ ಚಿಕಿತ್ಸೆ? ಕಾಸರಗೋಡಿನವರಿಗೆ ಒಂದು ಹೋಲಿಕೆ

ನಿದ್ರೆ ಬರುವುದಿಲ್ಲ. ಒಂದೇ ಯೋಚನೆ ತಿರುತಿರುಗಿ ಬರುತ್ತದೆ. ಎದೆ ಢವಢವ ಅನ್ನುತ್ತದೆ. ಇಸಿಜಿ ತೆಗೆಸಿದರೆ ಸರಿ ಇದೆ, ಥೈರಾಯ್ಡ್ ನೋಡಿದರೆ ಅದೂ ಸರಿ ಇದೆ. ಕೊನೆಗೆ ಡಾಕ್ಟ್ರು "ಒಮ್ಮೆ ಕೌನ್ಸೆಲಿಂಗಿಗೆ ಹೋಗಿ ನೋಡಿ" ಅನ್ನುತ್ತಾರೆ. ಗೊಂದಲ ಶುರುವಾಗುವುದೇ ಅಲ್ಲಿಂದ. ಬೆಂಗಳೂರಿನಲ್ಲಿರುವ ಮಗಳು ಸಿಬಿಟಿಯೇ ಬೇಕು ಅನ್ನುತ್ತಾಳೆ. ಪುತ್ತೂರಿನ ಭಾವ ಅದೆಲ್ಲ ಬೇಡ, ಮನಸ್ಸು ಬಿಚ್ಚಿ ಮಾತಾಡಲಿಕ್ಕೆ ಒಬ್ಬರು ಸಿಕ್ಕಿದರೆ ಸಾಕು ಅನ್ನುತ್ತಾರೆ. ಅತ್ತೆಗೆ ಜೋಯಿಸರಲ್ಲಿ ಪ್ರಶ್ನೆ ಇಡಿಸದೆ ಸಮಾಧಾನವಿಲ್ಲ. ಫೋನಿನಲ್ಲಿ ಹುಡುಕಿದರೆ ಆ್ಯಕ್ಟ್, ಡಿಬಿಟಿ, ಐಪಿಟಿ ಎಂದು ರೈಲಿನ ಬೋಗಿಯ ಹಾಗೆ ಹೆಸರುಗಳು.

ಈ ಬರಹ ಓದಿ ಯಾರೂ ತಮಗೆ ತಾವೇ ಕಾಯಿಲೆಯ ಹೆಸರು ಇಟ್ಟುಕೊಳ್ಳಬೇಡಿ. ಯಾವ ಬಾಗಿಲು ಮೊದಲು ತಟ್ಟಬೇಕು, ಅಲ್ಲಿ ಏನು ಕೇಳಬೇಕು, ಎಷ್ಟು ಖರ್ಚಾದೀತು, ಇಷ್ಟು ಗೊತ್ತಾದರೆ ಸಾಕು. ಇನ್ನೊಂದು ಮಾತು ಈಗಲೇ ಹೇಳುತ್ತೇನೆ. ಸಾಯಬೇಕು ಅನ್ನಿಸುತ್ತಿದ್ದರೆ ಹೋಲಿಕೆ ಮಾಡುತ್ತಾ ಕೂರಬೇಡಿ. ಸರಕಾರದ ಉಚಿತ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಫೋನ್ ಮಾಡಿ, ಇಲ್ಲವೇ ಮನೆಯವರನ್ನು ಎಬ್ಬಿಸಿ ಹತ್ತಿರದ ಆಸ್ಪತ್ರೆಗೆ ಹೋಗಿ. ಬೇರೆ ಯಾರಿಗೂ ಕೇಳಿಸದ ಧ್ವನಿ ಕೇಳಿಸುವುದು, ದಿನಗಟ್ಟಲೆ ನಿದ್ರೆಯಿಲ್ಲದೆಯೂ ವಿಪರೀತ ಹುರುಪಿನಲ್ಲಿರುವುದು, ಎಲ್ಲರೂ ತನ್ನ ವಿರುದ್ಧ ಸಂಚು ಮಾಡುತ್ತಿದ್ದಾರೆ ಅನ್ನುವುದು, ಇವಕ್ಕೂ ಮೊದಲು ಬೇಕಾದವರು ಮನೋವೈದ್ಯರು. ಮಾತಿನ ಚಿಕಿತ್ಸೆ ಆಮೇಲೆ.

ಮೊದಲು ನೋಡಬೇಕಾದದ್ದು

ಆರಿಸುವ ಮುಂಚೆ ನಾಲ್ಕೈದು ಪ್ರಶ್ನೆ ನಿಮಗೆ ನೀವೇ ಹಾಕಿಕೊಳ್ಳಿ. ಎಲ್ಲಕ್ಕಿಂತ ದೊಡ್ಡದು ಗಂಟು ಎಲ್ಲಿದೆ ಅನ್ನುವುದು. ತಲೆಯಲ್ಲಿ ಬರುವ ಯೋಚನೆಯೇ ಕಾಟ ಕೊಡುತ್ತಿದೆಯಾ? ಅಥವಾ ಯೋಚನೆ ಹಾಗಿರಲಿ, ಹಾಸಿಗೆಯಿಂದ ಏಳಲಿಕ್ಕೇ ಆಗುತ್ತಿಲ್ಲವಾ? ಒಬ್ಬ ಮನುಷ್ಯನ ಜತೆಗಿನ ಜಗಳವೋ, ಸಾವೋ, ಅಗಲಿಕೆಯೋ ಇದರ ಬುಡದಲ್ಲಿದೆಯಾ? ಇಲ್ಲ, ಕಾರಣವೇ ಗೊತ್ತಿಲ್ಲದೆ ಇಪ್ಪತ್ತು ವರ್ಷದಿಂದ ಒಂದೇ ತರಹದ ಹಳ್ಳಕ್ಕೆ ಬೀಳುತ್ತಿದ್ದೀರಾ? ಬೇರೆ ಬೇರೆ ಚಿಕಿತ್ಸೆಗಳು ಹುಟ್ಟಿದ್ದೇ ಈ ಬೇರೆ ಬೇರೆ ಗಂಟುಗಳಿಗೆ.

ಎರಡನೆಯದು ಮನೆಗೆಲಸ. ಕೆಲವು ಚಿಕಿತ್ಸೆಯಲ್ಲಿ ವಾರವಿಡೀ ಬರೆಯಬೇಕು, ಅಭ್ಯಾಸ ಮಾಡಬೇಕು. ಪೆನ್ನು ಹಿಡಿಯಲಿಕ್ಕೆ ಬೇಜಾರು ಇರುವವರಿಗೆ ಅದು ಹಿಡಿಸುವುದಿಲ್ಲ. ಮೂರನೆಯದು ಸಮಯ ಮತ್ತು ಹಣ. ಹಣ ಎಂದರೆ ಬರೇ ಫೀಸು ಅಲ್ಲ. ಮುಳ್ಳೇರಿಯದಿಂದ ಮಂಗಳೂರಿಗೆ ಹೋಗಿ ಬರುವುದೆಂದರೆ ಒಂದು ದಿನದ ಕೆಲಸ ಹೋಯಿತು ಎಂದೇ ಲೆಕ್ಕ. ನಾಲ್ಕನೆಯದು ಪುರಾವೆ. ನಿಮ್ಮ ತೊಂದರೆಗೆ ಇದು ಕೆಲಸ ಮಾಡುತ್ತದೆಂದು ಯಾರಾದರೂ ಪರೀಕ್ಷಿಸಿ ನೋಡಿದ್ದಾರಾ?

ಐದನೆಯದು ಭಾಷೆ. ನಮ್ಮ ಜಿಲ್ಲೆಯ ಮಟ್ಟಿಗೆ ಇದನ್ನು ಮೊದಲನೆಯದು ಅಂದರೂ ತಪ್ಪಿಲ್ಲ. ಸಪ್ತಭಾಷೆಯ ನೆಲ ಎಂದು ವೇದಿಕೆಯಲ್ಲಿ ಹೇಳುವುದು ಸುಲಭ, ಕೌನ್ಸೆಲಿಂಗ್ ಕೋಣೆಯಲ್ಲಿ ಏಳೂ ಸಿಗುವುದಿಲ್ಲ. ಸರಕಾರಿ ಆಸ್ಪತ್ರೆಯಲ್ಲಿ ಹೆಚ್ಚಾಗಿ ಮಲಯಾಳ. ಪೇಟೆಯಲ್ಲಿ ಸಾಮಾನು ತರುವಷ್ಟು, ಪಂಚಾಯತಿನಲ್ಲಿ ಅರ್ಜಿ ಕೊಡುವಷ್ಟು ಮಲಯಾಳ ನಮಗೆಲ್ಲ ಬರುತ್ತದೆ. ಆದರೆ ರಾತ್ರಿ ಎರಡು ಗಂಟೆಗೆ ನಿಮ್ಮನ್ನು ನೀವು ಬೈದುಕೊಳ್ಳುವುದು ಯಾವ ಭಾಷೆಯಲ್ಲಿ? ತುಳುವಿನಲ್ಲೋ, ಹವ್ಯಕ ಕನ್ನಡದಲ್ಲೋ, ಬ್ಯಾರಿಯಲ್ಲೋ? ಆ ಬೈಗುಳವನ್ನು ಇದ್ದ ಹಾಗೆ ಹೇಳಲಿಕ್ಕೆ ಆಗುವ ಜಾಗ ಬೇಕು. ಸಿಬಿಟಿಯ ಹಾಗೆ ಯೋಚನೆಯ ಪದಪದವನ್ನು ಹಿಡಿದು ನೋಡುವ ಚಿಕಿತ್ಸೆಗೆ ಇದು ತುಂಬಾ ಮುಖ್ಯ. ದಿನಚರಿ ಸರಿ ಮಾಡುವ ಚಿಕಿತ್ಸೆಗೆ ಅಷ್ಟಿಲ್ಲ, ಅಲ್ಪಸ್ವಲ್ಪ ಮಲಯಾಳದಲ್ಲೂ ನಡೆಯುತ್ತದೆ.

ತಲೆ ಮಾಡುವ ಕಿತಾಪತಿ

ಚಿಕಿತ್ಸೆಗಳನ್ನು ತೂಗುವ ಮುಂಚೆ ಈ ಯೋಚನೆಯ ಜಾಡು ಅಂದರೆ ಏನು ಎಂದು ನೋಡೋಣ. 1960ರ ದಶಕದಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಆ್ಯರನ್ ಬೆಕ್ ಎಂಬ ಮನೋವೈದ್ಯರು ಖಿನ್ನತೆಯವರನ್ನು ನೋಡುತ್ತಿದ್ದರು. ರೋಗಿಗಳು ಬಾಯಲ್ಲಿ ಒಂದು ಹೇಳುತ್ತಿರುವಾಗಲೇ ತಲೆಯ ಹಿಂದೆ ಇನ್ನೊಂದು ಮಾತು ಸರ್ರನೆ ಹಾದುಹೋಗುತ್ತದೆ ಎಂದು ಅವರಿಗೆ ಕಂಡಿತು. ಯಾರೂ ಕರೆಯದೆ ತಾನಾಗಿ ನುಗ್ಗುವ ಯೋಚನೆ. ಅದು ಬಂದದ್ದೂ ಗೊತ್ತಾಗುವುದಿಲ್ಲ, ಬಂದ ಮೇಲಿನ ಬೇಜಾರು ಮಾತ್ರ ಗೊತ್ತಾಗುತ್ತದೆ.

ಒಂದು ಉದಾಹರಣೆ ಹಿಡಿಯೋಣ. ನೀರ್ಚಾಲಿನ ಒಬ್ಬ ಹುಡುಗ ಎಂದಿಟ್ಟುಕೊಳ್ಳಿ. ಕನ್ನಡ ಮೀಡಿಯಂನಲ್ಲಿ ಓದಿದವನು, ಬಿಎಡ್ ಆಗಿದೆ, ಪಿಎಸ್‌ಸಿ ಪರೀಕ್ಷೆ ಬರೆದಿದ್ದಾನೆ. ಸಂಜೆ ಐದಕ್ಕೆ ಶಾರ್ಟ್‌ಲಿಸ್ಟ್ ಬಂತು. ಅವನ ನಂಬರು ಅದರಲ್ಲಿ ಇಲ್ಲ. ಊಟದ ಹೊತ್ತಿಗೆ ಅವನ ತಲೆಯಲ್ಲಿ ಇಷ್ಟು ಓಡಿ ಆಗಿರುತ್ತದೆ: "ನಾನು ಯಾವುದಕ್ಕೂ ಆಗದವನು." ಇದು ಒಂದು ಸೋಲಿಗೆ ಇಡೀ ಮನುಷ್ಯನ ಹಣೆಗೆ ಚೀಟಿ ಅಂಟಿಸುವುದು. "ಇನ್ನು ನನಗೆ ಕೆಲಸ ಸಿಕ್ಕಿದ ಹಾಗೆಯೇ." ಇದು ಭವಿಷ್ಯ ಹೇಳುವುದು. "ಅಪ್ಪ ಊಟಕ್ಕೆ ಕೂತಾಗ ಮಾತೇ ಆಡಲಿಲ್ಲ, ನನ್ನ ಮುಖ ನೋಡಲಿಕ್ಕೆ ಅವರಿಗೆ ನಾಚಿಕೆ." ಇದು ಇನ್ನೊಬ್ಬರ ಮನಸ್ಸು ಓದುವುದು. "ಟ್ಯೂಶನಿಗೆ ಬರುವ ಮಕ್ಕಳೆಲ್ಲ ಪಾಸಾದರು, ಅದೇನು ದೊಡ್ಡದು, ಯಾರು ಹೇಳಿಕೊಟ್ಟರೂ ಪಾಸಾಗುತ್ತಿದ್ದರು." ಒಳ್ಳೆಯದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಇರುವುದು. "ಇಪ್ಪತ್ತೇಳಕ್ಕೆ ಸೆಟಲ್ ಆಗಲೇಬೇಕಿತ್ತು." ಇದು 'ಲೇಬೇಕು'ಗಳ ಕಾಟ. ಕೊನೆಯದು ಎಲ್ಲಕ್ಕಿಂತ ನಾಜೂಕಿನದ್ದು: "ಇಷ್ಟು ಸಂಕಟ ಆಗುತ್ತಿದೆ ಎಂದರೆ ನಿಜಕ್ಕೂ ಎಲ್ಲ ಮುಗಿದೇ ಹೋಗಿದೆ." ಅನ್ನಿಸಿದ್ದನ್ನೇ ಸಾಕ್ಷಿ ಅಂದುಕೊಳ್ಳುವುದು.

ಇವೆಲ್ಲ ಹುಚ್ಚಲ್ಲ. ಎಲ್ಲರ ತಲೆಯೂ ದಿನಾ ಇದನ್ನೇ ಮಾಡುತ್ತದೆ. ವಾಟ್ಸಾಪಿನಲ್ಲಿ ನೀಲಿ ಟಿಕ್ ಬಿದ್ದು ಉತ್ತರ ಬಾರದಿದ್ದರೆ ನಾವು ಕಟ್ಟುವ ಕತೆಗಳನ್ನು ನೋಡಿದರೆ ಸಾಕು. ಖಿನ್ನತೆಯಲ್ಲಿ, ಆತಂಕದಲ್ಲಿ ಈ ಜಾಡು ಆಳವಾಗುತ್ತದೆ. ಬೇರೆ ದಾರಿಯೇ ಕಾಣುವುದಿಲ್ಲ.

ಸಿಬಿಟಿ: ಬರೆಯುವವರಿಗೆ, ಬೇಗ ಬೇಕಾದವರಿಗೆ

ಕಾಗ್ನಿಟಿವ್ ಬಿಹೇವಿಯರ್ ಥೆರಪಿ ಎಂದರೆ ಬೆಕ್ ಅವರ ದಾರಿ. ಆಲ್ಬರ್ಟ್ ಎಲ್ಲಿಸ್ 1950ರ ದಶಕದಲ್ಲೇ ಇದಕ್ಕೆ ಹತ್ತಿರದ ಇನ್ನೊಂದು ದಾರಿ ಹಾಕಿದ್ದರು, ಅದಕ್ಕೆ ಆರ್‌ಇಬಿಟಿ ಎಂದು ಹೆಸರು. ಎಲ್ಲಿಸ್ ದಾರಿಯಲ್ಲಿ 'ಲೇಬೇಕು'ಗಳ ಜತೆ ನೇರ ಜಟಾಪಟಿ ಜಾಸ್ತಿ. ಮೆತ್ತಗಿನವರಿಗೆ ಅದು ಬೈದ ಹಾಗೆ ಕೇಳಿಸಬಹುದು.

ಸಿಬಿಟಿಯಲ್ಲಿ ನಡೆಯುವುದು ಏನು? ನೀರ್ಚಾಲಿನ ಹುಡುಗನ ಕೈಗೆ ಒಂದು ಇನ್ನೂರು ಪೇಜಿನ ನೋಟ್‌ಬುಕ್ ಬರುತ್ತದೆ. ಪುಟಕ್ಕೆ ಉದ್ದ ಗೆರೆ ಎಳೆದು ಕಾಲಂ ಮಾಡುತ್ತಾನೆ. ಏನಾಯಿತು: ಲಿಸ್ಟ್ ಬಂತು, ನಂಬರ್ ಇಲ್ಲ. ಏನು ಯೋಚನೆ: ನಾನು ಯಾವುದಕ್ಕೂ ಆಗದವನು. ಎಷ್ಟು ನಂಬುತ್ತೇನೆ: ನೂರಕ್ಕೆ 95. ಹೌದು ಅನ್ನಲಿಕ್ಕೆ ಸಾಕ್ಷಿ: ನಂಬರ್ ಇಲ್ಲ. ಅಲ್ಲ ಅನ್ನಲಿಕ್ಕೆ ಸಾಕ್ಷಿ: ಬಿಎಡ್ ಒಂದೇ ಸಲಕ್ಕೆ ಪಾಸು. ಟ್ಯೂಶನ್ನಿನ ಹಣದಲ್ಲೇ ತಂಗಿಯ ಕಾಲೇಜು ಫೀಸು ಕಟ್ಟಿದ್ದು. ಅಪ್ಪನ ವಿಷಯಕ್ಕೆ ಬಂದಾಗ ಪೆನ್ನು ನಿಲ್ಲುತ್ತದೆ. ಅಪ್ಪ ಆ ಮಧ್ಯಾಹ್ನ ಕೊಳೆರೋಗಕ್ಕೆ ಉದುರಿದ ಅಡಿಕೆ ಹೆಕ್ಕಿ ಬಂದಿದ್ದರು. ತಂಗಿಯ ಹತ್ತಿರವೂ ಮಾತಾಡಿರಲಿಲ್ಲ. ಹಾಗಾದರೆ ಆ ಮೌನ ತನ್ನ ಬಗ್ಗೆಯೇ ಆಗಿತ್ತಾ? ಕೊನೆಯ ಕಾಲಂನಲ್ಲಿ ಬರೆಯುತ್ತಾನೆ: "ಈ ಲಿಸ್ಟಿನಲ್ಲಿ ಬರಲಿಲ್ಲ. ಬೇಜಾರಿದೆ. ಮಲಯಾಳದ ಪ್ರಶ್ನೆಗಳಲ್ಲಿ ಮಾರ್ಕು ಹೋಗಿದೆ." ಈಗ ಹಳೆಯ ಯೋಚನೆಯನ್ನು ಎಷ್ಟು ನಂಬುತ್ತಾನೆ? 50. ಸೊನ್ನೆಗೆ ಇಳಿಯಬೇಕೆಂದೇನಿಲ್ಲ. ಐವತ್ತಕ್ಕೆ ಇಳಿದರೆ ಆ ರಾತ್ರಿ ನಿದ್ರೆ ಬರುತ್ತದೆ.

"ಪಾಸಿಟಿವ್ ಆಗಿ ಯೋಚಿಸು" ಎಂದು ನೆಂಟರು ಕೊಡುವ ಉಪದೇಶಕ್ಕೂ ಇದಕ್ಕೂ ಸಂಬಂಧವಿಲ್ಲ. ಇಲ್ಲಿ ಒಳ್ಳೆಯ ಯೋಚನೆ ಬೇಕಿಲ್ಲ, ಸರಿಯಾದ ಯೋಚನೆ ಸಾಕು. ಅದರ ಜತೆಗೆ ಸಣ್ಣ ಪರೀಕ್ಷೆಗಳೂ ಇರುತ್ತವೆ. ಮದುವೆ ಮನೆಗೆ ಹೋದರೆ ಎಲ್ಲರೂ ಕೆಲಸದ ಬಗ್ಗೆಯೇ ಕೇಳುತ್ತಾರೆ ಅನ್ನುವ ಹೆದರಿಕೆಯಾ? ಹೋಗಿ, ಎಷ್ಟು ಜನ ಕೇಳಿದರು ಎಂದು ಎಣಿಸಿ ಬಾ.

ಸಾಮಾನ್ಯವಾಗಿ 12ರಿಂದ 20 ಸಲ ಕೂತರೆ ಮುಗಿಯುತ್ತದೆ. ಖಿನ್ನತೆಗೆ, ಆತಂಕಕ್ಕೆ, ಪ್ಯಾನಿಕ್‌ಗೆ (ಇದ್ದಕ್ಕಿದ್ದ ಹಾಗೆ ನುಗ್ಗುವ ವಿಪರೀತ ಹೆದರಿಕೆಗೆ) ಅತಿ ಹೆಚ್ಚು ಪರೀಕ್ಷೆಗೆ ಒಳಪಟ್ಟ ಮಾತಿನ ಚಿಕಿತ್ಸೆ ಇದು. ಒಮ್ಮೆ ಕಲಿತದ್ದು ಕೈಯಲ್ಲೇ ಉಳಿಯುತ್ತದೆ, ಬಜೆಟ್ ಕಮ್ಮಿ ಇದ್ದವರಿಗೆ ಅದೊಂದು ಲಾಭ. ನಷ್ಟ ಎಂದರೆ ಬರೆಯದವರಿಗೆ ಇದು ಅರ್ಧಕ್ಕೆ ನಿಲ್ಲುತ್ತದೆ. ಹೆಸರಿಗೆ ಸಿಬಿಟಿ ಎಂದು ಬೋರ್ಡು ಹಾಕಿ ಬರೇ ಬುದ್ಧಿವಾದ ಹೇಳುವವರೂ ಇದ್ದಾರೆ. ಮನೆಗೆಲಸ ಕೊಡದವರು, ಮುಂದಿನ ಸಲ ಅದನ್ನು ತೆರೆದು ನೋಡದವರು ಮಾಡುವುದು ಸಿಬಿಟಿ ಅಲ್ಲ.

ಯೋಚನೆ ನಿಜವೇ ಆಗಿದ್ದರೆ?

ಈ ಪ್ರಶ್ನೆಯನ್ನು ಹೆಚ್ಚಿನ ಪುಸ್ತಕಗಳು ಬೇಗ ದಾಟಿಹೋಗುತ್ತವೆ. ನಮ್ಮಲ್ಲಿ ದಾಟಲಿಕ್ಕಾಗುವುದಿಲ್ಲ. ಎಣ್ಮಕಜೆಯ ಕಡೆ ಗೇರುತೋಟಗಳ ಮೇಲೆ ವರ್ಷಗಟ್ಟಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದರು. ಅಲ್ಲಿ ಮೂವತ್ತು ದಾಟಿದ, ಹಾಸಿಗೆಯಲ್ಲೇ ಇರುವ ಮಗನನ್ನು ನೋಡಿಕೊಳ್ಳುವ ತಾಯಂದಿರಿದ್ದಾರೆ. "ನಾನು ಹೋದ ಮೇಲೆ ಇವನನ್ನು ನೋಡುವವರು ಯಾರು?" ಅನ್ನುವುದು ತಲೆಯ ಕಿತಾಪತಿ ಅಲ್ಲ. ಅದಕ್ಕೆ ಸಾಕ್ಷಿ ಬರೆ ಎಂದು ಕಾಲಂ ಎಳೆಸುವುದು ಕ್ರೂರ. ಬ್ಯಾಂಕಿನ ನೋಟೀಸು ಬಂದವನ ಸಾಲವೂ ಹಾಗೆಯೇ.

ಇಂಥಲ್ಲಿ ಎರಡು ದಾರಿ ಇದೆ. ಬದಲಾಯಿಸಬಹುದಾದ ಕಷ್ಟಕ್ಕೆ ಪ್ರಾಬ್ಲಂ ಸಾಲ್ವಿಂಗ್ ಥೆರಪಿ. ಹೆಸರು ದೊಡ್ಡದು, ಕೆಲಸ ಸರಳ: ಕಷ್ಟವನ್ನು ತುಂಡು ಮಾಡು, ಒಂದು ತುಂಡಿಗೆ ತೋಚಿದ ಉಪಾಯ ಎಲ್ಲ ಬರೆ, ಒಂದನ್ನು ಆರಿಸು, ಮಾಡಿ ನೋಡು. ಸಾಲವಿದ್ದರೆ ಮೊದಲ ತುಂಡು ಸೊಸೈಟಿಯ ಸೆಕ್ರೆಟರಿಯನ್ನು ಕಂಡು ಕಂತು ಬದಲಾಯಿಸಲಾಗುತ್ತದಾ ಎಂದು ಕೇಳುವುದು ಆಗಿರಬಹುದು. ನಾಲ್ಕಾರು ಸಲ ಸಾಕಾಗುತ್ತದೆ.

ಬದಲಾಯಿಸಲಾಗದ ಕಷ್ಟಕ್ಕೆ ಆ್ಯಕ್ಟ್, ಅಂದರೆ ಆಕ್ಸೆಪ್ಟೆನ್ಸ್ ಆ್ಯಂಡ್ ಕಮಿಟ್‌ಮೆಂಟ್ ಥೆರಪಿ. 1980ರ ದಶಕದಲ್ಲಿ ಸ್ಟೀವನ್ ಹೇಯ್ಸ್ ಮತ್ತು ಜತೆಗಾರರು ಇದನ್ನು ಕಟ್ಟಿದರು. ಇಲ್ಲಿ ಯೋಚನೆ ಸರಿಯೋ ತಪ್ಪೋ ಎಂಬ ವಾದವೇ ಇಲ್ಲ. ಯೋಚನೆಯಿಂದ ಒಂದು ಮೊಳ ದೂರ ನಿಂತು ನೋಡಲಿಕ್ಕೆ ಕಲಿಸುತ್ತಾರೆ. ಕಣ್ಣು ಮುಚ್ಚಿ ಹೊಳೆಯ ಬದಿಯಲ್ಲಿ ಕೂತ ಹಾಗೆ ಭಾವಿಸಿ, ಬರುವ ಒಂದೊಂದು ಯೋಚನೆಯನ್ನೂ ಒಂದೊಂದು ಎಲೆಯ ಮೇಲಿಟ್ಟು ಬಿಡುವ ಅಭ್ಯಾಸವುಂಟು. ಪಯಸ್ವಿನಿ ಹೊಳೆಯನ್ನು ಕಂಡವರಿಗೆ ಕಷ್ಟವಾಗಲಿಕ್ಕಿಲ್ಲ. ಆಮೇಲೆ ಪ್ರಶ್ನೆ ಬೇರೆಯದೇ: ಈ ಹೆದರಿಕೆ ಇದ್ದರೂ ಇವತ್ತು ನಿಮಗೆ ಮುಖ್ಯ ಅನ್ನಿಸುವ ಯಾವ ಕೆಲಸ ಮಾಡಬಹುದು? ಆ ತಾಯಿಗೆ ಅದು ವಾರಕ್ಕೊಮ್ಮೆ ಅಕ್ಕನ ಮನೆಗೆ ಹೋಗಿ ಕೂರುವುದೂ ಆಗಿರಬಹುದು. ಹಳೆಯ ನೋವು, ದೀರ್ಘ ಕಾಯಿಲೆ, ಆರೈಕೆಯ ದಣಿವು ಇರುವವರಿಗೆ ನಾನು ಸಿಬಿಟಿಗಿಂತ ಮೊದಲು ಇದನ್ನು ಹೇಳುತ್ತೇನೆ. ಕೊರತೆ ಎಂದರೆ ಇದನ್ನು ಚೆನ್ನಾಗಿ ಕಲಿತವರು ಹತ್ತಿರದಲ್ಲಿ ಸಿಗುವುದು ಕಷ್ಟ. ಹೆಚ್ಚಾಗಿ ಆನ್‌ಲೈನ್ ಹಿಡಿಯಬೇಕಾಗುತ್ತದೆ.

ಏಳಲಿಕ್ಕೇ ಆಗದವರಿಗೆ

ಬೆಳಿಗ್ಗೆ ಹಲ್ಲುಜ್ಜುವುದೇ ದೊಡ್ಡ ಕೆಲಸವಾಗಿರುವಾಗ ನೋಟ್‌ಬುಕ್ಕಿನ ಮಾತು ಆಡಬೇಡಿ. ಅಲ್ಲಿ ಬಿಹೇವಿಯರಲ್ ಆ್ಯಕ್ಟಿವೇಶನ್ ಒಳ್ಳೆಯದು. ಖಿನ್ನತೆ ಬಂದವರು ಒಂದೊಂದೇ ಕೆಲಸ ಬಿಡುತ್ತಾ ಹೋಗುತ್ತಾರೆ. ಭಜನೆಗೆ ಹೋಗುವುದು ನಿಂತಿತು, ಯಕ್ಷಗಾನ ನೋಡುವುದು ನಿಂತಿತು, ಹಟ್ಟಿಯ ಕಡೆ ಹೋಗುವುದೂ ನಿಂತಿತು. ಬಿಟ್ಟಷ್ಟೂ ಸಂತೋಷದ ಮೂಲ ಕಮ್ಮಿ. ಕಮ್ಮಿಯಾದಷ್ಟೂ ಮತ್ತೆ ಬಿಡುವುದು. ಈ ಸುತ್ತನ್ನು ಕೆಲಸದ ಕಡೆಯಿಂದ ಕಡಿಯುತ್ತಾರೆ. ಮನಸ್ಸು ಬಂದ ಮೇಲೆ ಮಾಡುತ್ತೇನೆ ಅನ್ನುವ ಹಾಗಿಲ್ಲ, ಗಂಟೆ ಹಾಕಿ ಮಾಡಬೇಕು. ಏಳು ಗಂಟೆಗೆ ಅಂಗಳಕ್ಕೆ ಇಳಿಯುವುದು. ಅಷ್ಟೇ. ಮರುವಾರ ಗೇಟಿನವರೆಗೆ. ಏನು ಮಾಡಿದಾಗ ಮನಸ್ಸು ಹೇಗಿತ್ತು ಎಂದು ಹತ್ತರಲ್ಲಿ ಎಷ್ಟು ಎಂದು ಗುರುತು ಹಾಕುವುದು.

ಇದಕ್ಕೆ ನಮ್ಮ ಕರಾವಳಿಯದೇ ಪುರಾವೆ ಇದೆ. ಗೋವಾದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಸಂಗತ್ ಎಂಬ ಸಂಸ್ಥೆ ಇದನ್ನು ಪರೀಕ್ಷಿಸಿ ನೋಡಿತು. ಮಾತಾಡಿಸಿದವರು ಮನೋವೈದ್ಯರಲ್ಲ, ತರಬೇತಿ ಪಡೆದ ಊರಿನವರೇ. 6ರಿಂದ 8 ಸಲ ಕೂತದ್ದು ಅಷ್ಟೆ. ತೀವ್ರ ಖಿನ್ನತೆ ಇದ್ದವರಲ್ಲೂ ಸುಧಾರಣೆ ಕಂಡಿತು, ಒಂದು ವರ್ಷದ ನಂತರವೂ ಉಳಿದಿತ್ತು. ಅದರ ಮೊದಲ ಫಲಿತಾಂಶ 2017ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ದೊಡ್ಡ ಪದವಿಯವರು ಸಿಗದ ನಮ್ಮಂಥ ಊರಿಗೆ ಇದು ಸಣ್ಣ ಸುದ್ದಿಯಲ್ಲ. ಹಣ ಕಮ್ಮಿ, ಭಾಷೆಯ ತೊಡಕು ಕಮ್ಮಿ, ಬರವಣಿಗೆ ಕಮ್ಮಿ. ಖಿನ್ನತೆಗೆ ಎಲ್ಲಿಂದ ಶುರು ಮಾಡಲಿ ಎಂದು ಗೊತ್ತಾಗದಿದ್ದರೆ ಇದರಿಂದ ಶುರು ಮಾಡಿ.

ತೊಳೆದದ್ದೇ ತೊಳೆಯುವವರಿಗೆ ಬೇರೆ ಲೆಕ್ಕ

ಕೈ ತೊಳೆದದ್ದೇ ತೊಳೆಯುವುದು, ಗ್ಯಾಸ್ ಆಫ್ ಮಾಡಿದೆನಾ ಎಂದು ಹತ್ತು ಸಲ ಹೋಗಿ ನೋಡುವುದು, ದೇವರ ಎದುರು ನಿಂತಾಗ ಬೇಡದ ಕೆಟ್ಟ ಯೋಚನೆ ನುಗ್ಗಿ ಮತ್ತೆ ಮತ್ತೆ ತಪ್ಪೊಪ್ಪಿಕೊಳ್ಳುವುದು, ಇದು ಒಸಿಡಿ (ಬೇಡದ ಯೋಚನೆ ಕಾಡಿ ಒಂದೇ ಕೆಲಸ ಮತ್ತೆ ಮತ್ತೆ ಮಾಡಿಸುವ ಕಾಯಿಲೆ) ಇರಬಹುದು. ನಮ್ಮ ಮನೆಗಳಲ್ಲಿ 'ಮಡಿ ಜಾಸ್ತಿ' ಎಂದು ವರ್ಷಗಟ್ಟಲೆ ಸುಮ್ಮನಿರುತ್ತಾರೆ. ಇಲ್ಲಿ ಯೋಚನೆಯ ಜತೆ ವಾದ ಮಾಡಿದರೆ ವಾದವೇ ಇನ್ನೊಂದು ಚಟವಾಗಿಬಿಡುತ್ತದೆ. "ಏನೂ ಆಗುವುದಿಲ್ಲ" ಎಂದು ಮನೆಯವರು ಪ್ರತಿ ಸಲ ಸಮಾಧಾನ ಹೇಳುವುದೂ ಅದಕ್ಕೆ ಗೊಬ್ಬರವೇ. ಇದಕ್ಕೆ ಇಆರ್‌ಪಿ, ಅಂದರೆ ಎಕ್ಸ್‌ಪೋಶರ್ ಆ್ಯಂಡ್ ರೆಸ್ಪಾನ್ಸ್ ಪ್ರಿವೆನ್ಶನ್, ಎಂಬ ಬೇರೆ ಅಭ್ಯಾಸ ಬೇಕು. ಹೆದರಿಕೆ ಹುಟ್ಟಿಸುವುದನ್ನು ಸ್ವಲ್ಪ ಸ್ವಲ್ಪವಾಗಿ ಮುಟ್ಟುವುದು, ಮುಟ್ಟಿ ತೊಳೆಯದೆ ಕೂರುವುದು. ಕಷ್ಟದ ಚಿಕಿತ್ಸೆ, ಒಳ್ಳೆಯ ಫಲ. ಇದನ್ನು ಮಾತ್ರ ಪಳಗಿದ ಕ್ಲಿನಿಕಲ್ ಸೈಕಾಲಜಿಸ್ಟ್ ಹತ್ತಿರವೇ ಮಾಡಿಸಿ. ಮಂಗಳೂರಿಗೆ ಹೋಗುವ ಖರ್ಚು ಮಾಡಲೇಬೇಕಾದ ಜಾಗ ಯಾವುದು ಎಂದರೆ ನಾನು ಇದನ್ನೇ ತೋರಿಸುತ್ತೇನೆ.

ಸಂಬಂಧದ ಗಂಟು, ಹಳೆಯ ಗಂಟು

ಐಪಿಟಿಯನ್ನು, ಅಂದರೆ ಇಂಟರ್‌ಪರ್ಸನಲ್ ಸೈಕೋಥೆರಪಿಯನ್ನು, 1970ರ ದಶಕದಲ್ಲಿ ಜೆರಾಲ್ಡ್ ಕ್ಲರ್ಮನ್, ಮಿರ್ನಾ ವೈಸ್‌ಮನ್ ರೂಪಿಸಿದರು. ಖಿನ್ನತೆಯನ್ನು ಇದು ಸಂಬಂಧದ ಕಡೆಯಿಂದ ನೋಡುತ್ತದೆ. ಸಾವಿನ ದುಃಖ, ಮನೆಯೊಳಗಿನ ಜಗಳ, ಬದುಕಿನ ಪಾತ್ರ ಬದಲಾದದ್ದು, ಒಂಟಿತನ, ಈ ನಾಲ್ಕರಲ್ಲಿ ಯಾವುದು ಎಂದು ಹುಡುಕಿ ಅದರ ಮೇಲೆ 12ರಿಂದ 16 ವಾರ ಕೆಲಸ ಮಾಡುತ್ತಾರೆ. ಇಪ್ಪತ್ತು ವರ್ಷ ಗಲ್ಫಿನಲ್ಲಿದ್ದು ಉಪ್ಪಳಕ್ಕೆ ವಾಪಸು ಬಂದ ಗಂಡನಿಗೆ ಮನೆಯಲ್ಲಿ ತನ್ನ ಜಾಗ ಯಾವುದು ಎಂದು ಗೊತ್ತಾಗುವುದಿಲ್ಲ. ಇಪ್ಪತ್ತು ವರ್ಷ ಒಬ್ಬಳೇ ಮನೆ ನಡೆಸಿದ ಹೆಂಡತಿಗೂ ಅದೇ ಗೊಂದಲ. ಇಬ್ಬರಲ್ಲಿ ಯಾರ ಯೋಚನೆಯೂ ತಪ್ಪಲ್ಲ, ಬದಲಾದದ್ದು ಪಾತ್ರ. ಇಂಥವರಿಗೆ ಕಾಲಂ ಎಳೆಯುವುದಕ್ಕಿಂತ ಇದು ಹೊಂದುತ್ತದೆ. ಖಿನ್ನತೆಗೆ ಇದರ ಪುರಾವೆ ಸಿಬಿಟಿಗೆ ಹೆಚ್ಚು ಕಮ್ಮಿ ಸಮ. ಕಲಿತವರು ಮಾತ್ರ ಕಮ್ಮಿ.

ಸೈಕೋಡೈನಾಮಿಕ್ ಚಿಕಿತ್ಸೆ ಮನೋವಿಶ್ಲೇಷಣೆ ಹುಟ್ಟುಹಾಕಿದ ಫ್ರಾಯ್ಡ್ ಮನೆತನದ್ದು. ಭಾರತಕ್ಕೆ ಹೊಸದೇನಲ್ಲ, ಗಿರೀಂದ್ರಶೇಖರ ಬೋಸ್ ಕಲ್ಕತ್ತೆಯಲ್ಲಿ 1922ರಲ್ಲೇ ಇದರ ಸಂಘ ಕಟ್ಟಿದ್ದರು. ಬಾಲ್ಯದಲ್ಲಿ ಕಲಿತ ಸಂಬಂಧದ ರೀತಿ ಈಗ ಹೇಗೆ ಮರುಕಳಿಸುತ್ತದೆ, ಥೆರಪಿಸ್ಟ್ ಮೇಲೆಯೇ ಅದು ಹೇಗೆ ಬೀಳುತ್ತದೆ ಎಂದು ನಿಧಾನಕ್ಕೆ ನೋಡುತ್ತಾರೆ. ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ. ಹಣ, ಸಮಯ, ಕುತೂಹಲ ಮೂರೂ ಇದ್ದವರಿಗೆ ಸರಿ. ಮುಂದಿನ ತಿಂಗಳು ಪರೀಕ್ಷೆ ಇರುವವನಿಗೆ ಬೇಡ.

ಡಿಬಿಟಿ, ಅಂದರೆ ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿ, ಭಾವನೆಗಳು ಬಿರುಗಾಳಿಯಾಗಿ ಏಳುವವರಿಗೆ, ಕೈ ಕೊಯ್ದುಕೊಳ್ಳುವವರಿಗೆ ಮಾರ್ಷಾ ಲಿನೆಹನ್ ರೂಪಿಸಿದ್ದು. ಪೂರ್ತಿ ಕ್ರಮ ಸುಮಾರು ಒಂದು ವರ್ಷದ್ದು, ಗುಂಪಿನ ತರಗತಿಯೂ ಸೇರಿ. ದೊಡ್ಡ ಪೇಟೆಗಳಲ್ಲಿ ಮಾತ್ರ ಸಿಗುವಂಥದ್ದು.

ಬರೇ ಕೇಳಿಸಿಕೊಳ್ಳುವವರು

ಪುತ್ತೂರಿನ ಭಾವ ಹೇಳಿದ್ದರಲ್ಲೂ ಹುರುಳಿದೆ. ಕಾರ್ಲ್ ರೋಜರ್ಸ್ ಇದನ್ನೇ ಒಂದು ಚಿಕಿತ್ಸೆಯಾಗಿ ಬೆಳೆಸಿದರು. ಉಪದೇಶವಿಲ್ಲ, ತೀರ್ಪಿಲ್ಲ, ನಾಟಕವಿಲ್ಲ, ಎದುರಿನವರನ್ನು ಇದ್ದ ಹಾಗೆ ಒಪ್ಪಿಕೊಂಡು ಕೇಳುವುದು. ಈಚೆಗೆ ಯಾರನ್ನೋ ಕಳೆದುಕೊಂಡವರಿಗೆ, ಒಂದು ತೀರ್ಮಾನದ ಹೊಸ್ತಿಲಲ್ಲಿ ನಿಂತವರಿಗೆ ಇದು ಸಾಕಾಗಬಹುದು. ಪ್ಯಾನಿಕ್‌ಗೆ, ಒಸಿಡಿಗೆ ಸಾಕಾಗುವುದಿಲ್ಲ.

ನಮ್ಮಲ್ಲಿ ಕೌನ್ಸೆಲಿಂಗ್ ಎಂಬ ಹೆಸರಲ್ಲಿ ಹೆಚ್ಚಾಗಿ ಸಿಗುವುದು ಇದರ ಜತೆ ಬುದ್ಧಿಮಾತು ಬೆರೆಸಿದ ಒಂದು ಕಲಬೆರಕೆ. ಗಂಡ ಹೊಡೆಯುತ್ತಾನೆ ಎಂದು ಅಳುವ ಹೆಂಗಸಿಗೆ "ಸ್ವಲ್ಪ ಹೊಂದಿಕೊಂಡು ಹೋಗಿ" ಅಂದರೆ ಎದ್ದು ಬನ್ನಿ. ಅಲ್ಲಿ ಬೇಕಾದದ್ದು ಯೋಚನೆಯ ರಿಪೇರಿ ಅಲ್ಲ, 181 ಮಹಿಳಾ ಸಹಾಯವಾಣಿ.

ಪ್ರಶ್ನೆ ಇಡಿಸುವುದು, ದೈವಕ್ಕೆ ಹರಕೆ ಹೇಳುವುದು, ಉಸ್ತಾದರಲ್ಲಿ ಹೋಗುವುದು ಮನೆಯವರಿಗೆ ಸಮಾಧಾನ ಕೊಟ್ಟರೆ ಕೊಡಲಿ. ಅದಕ್ಕೂ ಇದಕ್ಕೂ ಜಗಳ ಹಚ್ಚುವುದು ಬೇಡ. "ಮಾತ್ರೆ ಬಿಡು, ಆಸ್ಪತ್ರೆ ಬಿಡು" ಎಂದು ಅಲ್ಲಿ ಹೇಳಿದರೆ ಮಾತ್ರ ಕೇಳಬೇಡಿ.

ಮಾತ್ರೆಯೋ ಮಾತೋ ಎಂಬ ಪ್ರಶ್ನೆಗೆ ಚಿಕ್ಕ ಉತ್ತರ: ಹಗುರ, ಮಧ್ಯಮ ಖಿನ್ನತೆಗೆ ಮಾತು ಮಾತ್ರವೇ ಸಾಕಾಗುವುದುಂಟು. ತೀವ್ರವಾದದ್ದಕ್ಕೆ ಎರಡೂ ಒಟ್ಟಿಗೆ ಒಳ್ಳೆಯದು.

ಎಲ್ಲಿಗೆ, ಎಷ್ಟು ಖರ್ಚು

ಕೈಯಲ್ಲಿ ಹಣವೇ ಇಲ್ಲದಿದ್ದರೆ ಟೆಲಿ ಮಾನಸ್‌ನಿಂದ ಶುರು ಮಾಡಿ. 14416. 2022ರ ಅಕ್ಟೋಬರ್ 10ರಂದು ಕೇಂದ್ರ ಸರಕಾರ ಶುರು ಮಾಡಿದ್ದು. ಹಗಲು ರಾತ್ರಿ ಉಚಿತ, ಕನ್ನಡವೂ ಇದೆ, ಮಲಯಾಳವೂ ಇದೆ. ವಾರವಾರ ಒಬ್ಬರ ಹತ್ತಿರವೇ ಕೂತು ಮಾಡುವ ಪೂರ್ತಿ ಸಿಬಿಟಿ ಇಲ್ಲಿ ಸಿಗುತ್ತದೆ ಅಂದುಕೊಳ್ಳಬೇಡಿ. ಮೊದಲ ಮಾತಿಗೆ, ಮುಂದೆ ಎಲ್ಲಿ ಹೋಗಬೇಕು ಎಂದು ತಿಳಿಯಲಿಕ್ಕೆ ಒಳ್ಳೆಯದು. ಕೇರಳದ ಆರೋಗ್ಯ ಸಹಾಯವಾಣಿ ದಿಶಾ, 1056, ಅದೂ ಇದೆ.

ಎರಡನೆಯದು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ. ಮನೋವೈದ್ಯರು, ಸೈಕಾಲಜಿಸ್ಟ್, ಸೋಷಿಯಲ್ ವರ್ಕರ್ ಇರುವ ತಂಡ ಸರಕಾರಿ ಆಸ್ಪತ್ರೆಗಳಿಗೆ ಗೊತ್ತಾದ ದಿನ ಬರುತ್ತದೆ. ಮಾತ್ರೆ ಉಚಿತ. ನಿಮ್ಮ ಕುಟುಂಬ ಆರೋಗ್ಯ ಕೇಂದ್ರದಲ್ಲಿ ಯಾವ ದಿನ, ಎಲ್ಲಿ ಎಂದು ಆಶಾ ಕಾರ್ಯಕರ್ತೆಯ ಹತ್ತಿರ ಕೇಳಿ. ಖಿನ್ನತೆ ಇದೆಯಾ ಎಂದು ನೋಡುವ 'ಆಶ್ವಾಸಂ' ಎಂಬ ವ್ಯವಸ್ಥೆಯೂ ಕುಟುಂಬ ಆರೋಗ್ಯ ಕೇಂದ್ರಗಳಲ್ಲಿದೆ. ಕೊರತೆ ಎಂದರೆ ಕ್ಯೂ. ಒಬ್ಬರಿಗೆ ಮುಕ್ಕಾಲು ಗಂಟೆ ಸಿಗುವುದು ಕಷ್ಟ. "ಕನ್ನಡ ಬರುವವರು ಯಾವ ದಿನ ಇರುತ್ತಾರೆ?" ಎಂದು ಕೇಳುವುದರಲ್ಲಿ ಸಂಕೋಚ ಬೇಡ.

ಮಂಗಳೂರು, ದೇರಳಕಟ್ಟೆ ಕಡೆಯ ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲಿ ಕನ್ನಡ, ತುಳು ಎರಡೂ ನಡೆಯುತ್ತದೆ. ಖಾಸಗಿ ಕ್ಲಿನಿಕ್ಕಿಗಿಂತ ಸಾಮಾನ್ಯವಾಗಿ ಅಗ್ಗ. ಕಾಸರಗೋಡಿನಿಂದ ಮಂಗಳೂರಿಗೆ ಸುಮಾರು 50 ಕಿಲೋಮೀಟರ್. ಪರಿಚಯದವರು ಕಾಣಸಿಗುವ ಹೆದರಿಕೆ ಇರುವವರಿಗೆ ದೂರವೇ ಒಂದು ಅನುಕೂಲ, ಅಲ್ವಾ? ಆದರೆ 2020ರ ಮಾರ್ಚ್‌ನಲ್ಲಿ ತಲಪಾಡಿಯ ಗಡಿ ಮುಚ್ಚಿದಾಗ ಆಸ್ಪತ್ರೆಗೆ ಹೋಗಬೇಕಾದವರು ಪಟ್ಟ ಪಾಡು ಮರೆತಿಲ್ಲ. ಬರಲಿಕ್ಕಾಗದ ವಾರ ವೀಡಿಯೋ ಕಾಲ್ ಮಾಡುತ್ತೀರಾ ಎಂದು ಮೊದಲೇ ಕೇಳಿಟ್ಟುಕೊಳ್ಳಿ.

ಖಾಸಗಿಯಾದರೆ ಒಂದು ಸಲದ್ದಲ್ಲ, ಒಟ್ಟು ಲೆಕ್ಕ ಹಾಕಿ. ಸಲಕ್ಕೆ 800 ರೂಪಾಯಿ ಎಂದಿಟ್ಟುಕೊಂಡರೂ 12 ಸಲಕ್ಕೆ 9,600. ಬಸ್ಸು, ಹೋದ ಸಂಬಳ ಬೇರೆ. ಅಷ್ಟು ಇಲ್ಲದಿದ್ದರೆ ಮುಚ್ಚುಮರೆ ಇಲ್ಲದೆ ಹೇಳಿ: "ನನ್ನಿಂದ ಆರು ಸಲ ಆಗುತ್ತದೆ, ಅಷ್ಟರಲ್ಲಿ ಏನು ಮಾಡಬಹುದು?" ಒಳ್ಳೆಯವರು ಅದಕ್ಕೆ ತಕ್ಕ ಹಾಗೆ ಹೊಂದಿಸುತ್ತಾರೆ. ಹದಿನೈದು ದಿನಕ್ಕೊಮ್ಮೆ ಮಾಡುವುದೂ ಆಗುತ್ತದೆ. ಆನ್‌ಲೈನಿನಲ್ಲಿ ಪ್ರಯಾಣ ಉಳಿಯುತ್ತದೆ, ಕನ್ನಡದವರನ್ನು ಆರಿಸಬಹುದು. ಮನೆಯಲ್ಲಿ ಬಾಗಿಲು ಹಾಕಿ ಮಾತಾಡುವ ಕೋಣೆ ಮತ್ತು ನಿಲ್ಲುವ ನೆಟ್‌ವರ್ಕ್ ಇದ್ದರೆ ಮಾತ್ರ. ಅತ್ತೆ ಮಾವ ಇರುವ ಮನೆಯಲ್ಲಿ ಸೊಸೆಗೆ ಅದು ಎಲ್ಲಿಂದ ಸಿಗಬೇಕು?

ಎದುರು ಕೂತವರು ಯಾರು

ಮನೋವೈದ್ಯರು ಎಂಬಿಬಿಎಸ್ ಮೇಲೆ ಮಾನಸಿಕ ಚಿಕಿತ್ಸೆ ಓದಿದವರು, ಮಾತ್ರೆ ಬರೆಯುತ್ತಾರೆ. ಕ್ಲಿನಿಕಲ್ ಸೈಕಾಲಜಿಸ್ಟ್‌ಗಳು ರಿಹ್ಯಾಬಿಲಿಟೇಶನ್ ಕೌನ್ಸಿಲ್ ಆಫ್ ಇಂಡಿಯಾದಲ್ಲಿ, ಅಂದರೆ ಆರ್‌ಸಿಐಯಲ್ಲಿ, ನೋಂದಣಿ ಮಾಡಿಕೊಂಡಿರುತ್ತಾರೆ, ಅವರಿಗೊಂದು ನಂಬರ್ ಇರುತ್ತದೆ. ಕೌನ್ಸೆಲರ್ ಎಂದು ಬೋರ್ಡು ಹಾಕುವವರಲ್ಲಿ ಎರಡು ವರ್ಷ ಓದಿದವರೂ ಇದ್ದಾರೆ, ವಾರಾಂತ್ಯದ ಕೋರ್ಸ್ ಮುಗಿಸಿದವರೂ ಇದ್ದಾರೆ. ಏನು ಓದಿದ್ದೀರಿ, ನನ್ನಂಥ ತೊಂದರೆಗೆ ಯಾವ ರೀತಿ ಕೆಲಸ ಮಾಡುತ್ತೀರಿ, ಎಷ್ಟು ಸಲ ಬೇಕಾದೀತು, ನಮ್ಮ ಮಾತು ಹೊರಗೆ ಹೋಗುವುದಿಲ್ಲ ಅಲ್ವಾ ಎಂದು ಫೋನಿನಲ್ಲೇ ಕೇಳಿ. ಗುಟ್ಟು ಕಾಯುವುದು ಅವರ ಔದಾರ್ಯವಲ್ಲ. 2017ರ ಮಾನಸಿಕ ಆರೋಗ್ಯ ಕಾಯಿದೆಯಲ್ಲಿ ರೋಗಿಗೆ ಆ ಹಕ್ಕಿದೆ. ಜೀವಕ್ಕೆ ಅಪಾಯ ಇರುವಂಥ ಕೆಲವು ಸಂದರ್ಭಗಳು ಮಾತ್ರ ಅದಕ್ಕೆ ಹೊರತು.

ಯಾವ ಚಿಕಿತ್ಸೆಯಾದರೂ ಎದುರಿನವರ ಮೇಲೆ ನಂಬಿಕೆ ಕೂರದಿದ್ದರೆ ಹೆಚ್ಚು ದೂರ ಹೋಗುವುದಿಲ್ಲ. ಮೊದಲ ಸಲವೇ ಹಗುರಾಗಬೇಕೆಂದಿಲ್ಲ. ಕೆಲವರಿಗೆ ಮೊದಲೆರಡು ವಾರ ಇನ್ನೂ ಭಾರವಾಗುವುದೂ ಉಂಟು. ನಾಲ್ಕರಿಂದ ಆರು ಸಲ ಹೋಗಿ ನೋಡಿ. ನಿದ್ರೆ, ಊಟ, ಕೆಲಸ ಇವುಗಳಲ್ಲಿ ಒಂದಾದರೂ ಕೊಂಚ ಬದಲಾಗಿದೆಯಾ? ಇಲ್ಲ ಅನ್ನಿಸಿದರೆ ಸುಮ್ನೆ ಹೋಗುವುದನ್ನು ನಿಲ್ಲಿಸಬೇಡಿ, ಅವರ ಎದುರೇ ಹೇಳಿ: "ಇದು ನನಗೆ ಹೊಂದುತ್ತಿಲ್ಲ ಮೇಡಂ, ಬೇರೆ ರೀತಿ ನೋಡಬಹುದಾ?" ದಾರಿ ಬದಲಾಯಿಸಬಹುದು, ಬೇರೆಯವರ ಹೆಸರು ಕೊಡಬಹುದು. ಹಾಗೆ ಬದಲಾಯಿಸುವ ಮಧ್ಯದಲ್ಲಿ ಮಾತ್ರೆ ನಡೆಯುತ್ತಿದ್ದರೆ ಅದನ್ನು ಹಾಗೆಯೇ ಮುಂದುವರಿಸಿ. ಕಮ್ಮಿ ಮಾಡುವುದಾದರೂ ನಿಲ್ಲಿಸುವುದಾದರೂ ಬರೆದುಕೊಟ್ಟ ಡಾಕ್ಟ್ರ ಹತ್ತಿರ ಕೇಳಿಯೇ ಆಗಬೇಕು.